ರೋಮಿನ ಅಪ್ಪ, ವಿಜಯನಗರದ ಅಮ್ಮ

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಲು ಸೇರಿದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಹಳೆಯ ರೋಮಿನ ಸಂಸಾರದ ಪಾಠ ಬಂದರೆ ಸಾಕು, ತೂಕಡಿಸುವ ಹುಡುಗಿಯರೂ ನೆಟ್ಟಗೆ ಕೂರುತ್ತಿದ್ದರು. ಮಕ್ಕಳ ಜೀವವೇ ಮನೆಯ ಹಿರಿಯ ಗಂಡಸಿನ ಕೈಯಲ್ಲಿತ್ತು, ತಲೆ ನರೆತ ಮಗನಿಗೂ ಅಪ್ಪ ಬದುಕಿರುವ ತನಕ ಸ್ವಂತ ಆಸ್ತಿ ಇರಲಿಲ್ಲ ಎಂದರೆ, 'ಮೇಡಂ, ನಮ್ಮ ತಾತಾನೂ ಅಂಗೇ' ಎಂದು ಒಬ್ಬಳಾದರೂ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಆ ಪಾಠವನ್ನು ನಾನು ಮೊದಲು ಮಾಡಿದ್ದು ತೊಂಬತ್ತರ ದಶಕದಲ್ಲಿ, ವಿಜಯನಗರ ಬಡಾವಣೆಯ ನಮ್ಮ ನಡುಮನೆಯಲ್ಲಿ, ಅಪ್ಪಾಜಿಯ ಎದುರು.

ಆಗ ನಾನಿನ್ನೂ ಬಿ.ಎ. ಓದುತ್ತಿದ್ದೆ. ಅಪ್ಪಾಜಿಗೆ ಬಟ್ಟೆ ಅಂಗಡಿಯಿತ್ತು. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಬಾಗಿಲ ಬಣ್ಣದಿಂದ ಹಿಡಿದು ನನ್ನ ಜಡೆಯ ಉದ್ದದ ತನಕ ಎಲ್ಲವನ್ನೂ ತಾವೇ ತೀರ್ಮಾನಿಸುತ್ತಿದ್ದರು. ಅಕ್ಕನನ್ನು ಇಲವಾಲಕ್ಕೆ ಕೊಟ್ಟಿದ್ದೂ ಅವರದೇ ತೀರ್ಮಾನ. ಮಠದಲ್ಲಿ ಪರಿಚಯವಾದ ಮನೆತನ, ಬೇಡ ಅನ್ನಲು ಕಾರಣವೇ ಇಲ್ಲ ಅಂದಿದ್ದರು. ಒಂದು ಬೆಳಿಗ್ಗೆ ಅಕ್ಕ ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹುಣಸೂರು ರಸ್ತೆಯ ಬಸ್ಸಿನಿಂದ ಇಳಿದು ಬಂದಳು. ಕೆನ್ನೆ ಊದಿಕೊಂಡಿತ್ತು. ಭಾವ ಕೈ ಮಾಡಿದ್ದು ಅದು ಮೊದಲ ಸಲವಲ್ಲ ಎಂದು ಅವಳು ಅಮ್ಮನಿಗೆ ಮಾತ್ರ ಹೇಳಿದಳು. ಅಮ್ಮ ನಮಗೆಲ್ಲ ಹೇಳಿದಳು.

ಅಪ್ಪಾಜಿ ಅವತ್ತು ಊಟ ಮಾಡಲಿಲ್ಲ. ಹಾಗಂತ 'ಇಲ್ಲೇ ಇರು' ಅಂತಲೂ ಹೇಳಲಿಲ್ಲ. ನಾಲ್ಕು ಜನ ಏನಂದುಕೊಳ್ಳುತ್ತಾರೋ, ನನ್ನ ಮದುವೆಗೆ ಎಲ್ಲಿ ಅಡ್ಡಿಯಾಗುತ್ತದೋ ಎಂದು ಒಳಗೊಳಗೇ ಕುದಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನೆನೆದರೆ ಪಾಪ ಅನ್ನಿಸುತ್ತದೆ. ಎಲ್ಲವನ್ನೂ ತಾನೇ ತೀರ್ಮಾನಿಸುವ ಮನುಷ್ಯನಿಗೆ ತನ್ನ ತೀರ್ಮಾನ ಕೆಟ್ಟಿತು ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ.

ಒಂದು ಸಂಜೆ ಬೇಕೆಂದೇ ಪುಸ್ತಕ ಹಿಡಿದು ಜೋರಾಗಿ ಓದತೊಡಗಿದೆ.

'ಏನಮ್ಮ ಅದು, ಬೀದಿಗೆಲ್ಲ ಕೇಳೋ ಅಂಗೆ?' ಎಂದರು ಅಪ್ಪಾಜಿ.

'ರೋಮಿನೋರ ಮದುವೆ ಅಪ್ಪಾಜಿ. ಮೊದಮೊದಲು ಹೆಂಡ್ತಿ ಗಂಡನ ಕೈವಶ ಆಗ್ಬುಡೋಳಂತೆ. ಆದ್ರೆ ವರ್ಷಕ್ಕೆ ಮೂರು ರಾತ್ರಿ ಗಂಡನ ಮನೆ ಬಿಟ್ಟು ಹೊರಗಿದ್ರೆ, ಅವನ ಕೈವಶ ಆಗ್ತಿರಲಿಲ್ಲವಂತೆ. ಅವರಪ್ಪನ ಮಗಳಾಗೇ ಉಳೀತಿದ್ಲಂತೆ.'

ಅಕ್ಕ ಬಂದು ಆಗಲೇ ಮೂರು ವಾರ ಕಳೆದಿತ್ತು. ಅಪ್ಪಾಜಿ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

'ಅಂಗಾದ್ರೆ ಅಪ್ಪ ಮಗಳನ್ನ ವಾಪಸ್ ಕರ್ಕೊಂಡ್ಬುಡ್ಬೋದಿತ್ತಾ?'

'ಹೂಂ. ಮದುವೇನೇ ಮುರಿಬೋದಿತ್ತು.'

'ಮಗು ಇದ್ರೆ?'

'ಮಗು ಗಂಡನ ಮನೆಗೇ ಸೇರಿದ್ದು.'

ಮೂಲೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದ ಅಕ್ಕ ಮೊರ ಪಕ್ಕಕ್ಕಿಟ್ಟು ಮಗಳನ್ನು ಹತ್ತಿರ ಎಳೆದುಕೊಂಡಳು. ಆ ಮನೆಗೆ ಹೋದರೆ ಏಟು, ಹೋಗದಿದ್ದರೆ ಮಗು ಕೈತಪ್ಪಬಹುದು ಎಂಬ ಹೆದರಿಕೆ.

ಮುಂದಿನ ಭಾನುವಾರ ಭಾವನೂ ಅವರಪ್ಪನೂ ಬಂದರು. ಉಪ್ಪಿಟ್ಟು ಕಾಫಿ ಆಯಿತು. ಭಾವ ತಲೆ ಎತ್ತಲೇ ಇಲ್ಲ. ಮಾತೆಲ್ಲ ಅವರಪ್ಪನದೇ. 'ಗಂಡ ಹೆಂಡ್ತಿ ಅಂದ್ಮೇಲೆ ಒಂದ್ ಮಾತು ಬತ್ತದೆ, ಓಯ್ತದೆ. ಕಳಿಸ್ಕೊಡಿ ಬೀಗ್ರೇ' ಅಂದರು. ಅಪ್ಪಾಜಿ ನೆಲ ನೋಡುತ್ತಲೇ 'ಹೊರಡಮ್ಮ' ಎಂದುಬಿಟ್ಟರು. ಅವರ ದನಿ ಅವರದೇ ಅನ್ನಿಸಲಿಲ್ಲ. ಅಕ್ಕ ಎದ್ದು ಬ್ಯಾಗಿಗೆ ಮಗುವಿನ ಬಟ್ಟೆ ತುಂಬಿದಳು.

ನಮ್ಮಲ್ಲಿ ಮಗಳು ತವರಿನಿಂದ ಹೊರಡುವಾಗ ಮಡಿಲು ತುಂಬುತ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಹಾಕಿ ಕಳಿಸುತ್ತಾರೆ. ಅದಿಲ್ಲದೆ ಯಾವ ಹೆಣ್ಣೂ ಹೊಸಿಲು ದಾಟುವುದಿಲ್ಲ. ಅದು ಮುತ್ತೈದೆಯರ ಕೆಲಸ, ಗಂಡಸರು ಮಾಡುವಂತಿಲ್ಲ. ಎಲ್ಲರೂ ಅಮ್ಮನಿಗಾಗಿ ಕಾದರು. ಅಮ್ಮ ಬರಿಗೈಯಲ್ಲಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

'ಮನೇಲಿ ಅಕ್ಕಿ ಇಲ್ಲ' ಅಂದಳು.

'ಅದಕ್ಕೇನಂತೆ, ಅಂಗಡಿಯಿಂದ ತರ್ಸಿ' ಎಂದರು ಬೀಗರು.

'ಅಂಗಡಿ ಅಕ್ಕಿ ಮಡಿಲಿಗೆ ಆಗಾಕಿಲ್ಲ ಕಣ್ರೀ. ಬರೀ ಮಡಿಲಲ್ಲಿ ಕರ್ಕೊಂಡೋಯ್ತೀರಾ? ನಿಮ್ಮನೆಗೆ ಒಳ್ಳೇದಾ ಅದು?'

ನಮ್ಮ ಮನೆಗೆ ಬರುತ್ತಿದ್ದ ಅಕ್ಕಿಯೆಲ್ಲ ಅಂಗಡಿಯದೇ! ಹಿಂದಿನ ದಿನವಷ್ಟೇ ಅಪ್ಪಾಜಿ ತಾವೇ ನಿಂತು ಒಂದು ಮೂಟೆ ಇಳಿಸಿಕೊಂಡಿದ್ದರು. ಬರೀ ಮಡಿಲೆಂದರೆ ಅಪಶಕುನ; ಬೀಗರು ಮಗನ ಕಡೆ ತಿರುಗಿದರು. ನನ್ನ ಪುಸ್ತಕದಲ್ಲಿ ರೋಮಿನ ಅಪ್ಪಂದಿರ ಹಕ್ಕುಗಳು ಪುಟಗಟ್ಟಲೆ ಇದ್ದವು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅಮ್ಮಂದಿರು ಏನಂದರು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅಪ್ಪಾಜಿ ಅಮ್ಮನ ಮುಖ ನೋಡಿದರು. ಈಗ ರೇಗುತ್ತಾರೆ ಅಂದುಕೊಂಡೆ.

'ಹೌದು ಬೀಗ್ರೇ, ಅಕ್ಕಿ ಮುಗ್ದೋಗೈತೆ' ಅಂದರು. 'ಬಂದಾಗ ಹೇಳಿ ಕಳಿಸ್ತೀನಿ.'

ಅವರು ಹೊರಟುಹೋದರು. ಸಾಯಂಕಾಲ ಅಮ್ಮ ಅನ್ನಕ್ಕೆ ಇಡಲಿಲ್ಲ. 'ಇಲ್ಲ ಅಂದ್ಮೇಲೆ ಇಲ್ಲ' ಎನ್ನುತ್ತ ಮುದ್ದೆ ತಿರುವಿ ಉಪ್ಸಾರು ಮಾಡಿದಳು. ನನಗೆ ಅಮ್ಮನನ್ನು ತಬ್ಬಿಕೊಳ್ಳಬೇಕೆನಿಸಿತು, ಆದರೆ ನಮ್ಮಲ್ಲಿ ಅಂಥ ರೂಢಿ ಇರಲಿಲ್ಲ. ಎಲ್ಲರೂ ಊಟಕ್ಕೆ ಕೂತೆವು. ಅಕ್ಕ ಮಾತ್ರ ತಟ್ಟೆ ಮುಟ್ಟಲಿಲ್ಲ.

'ಅಪ್ಪಾಜಿ, ನನ್ನೇನೋ ಇಟ್ಕೊಂಡ್ರಿ. ಮಗೂನ ಕೇಳ್ಕೊಂಡ್ ಬಂದ್ರೆ?'

ಅಪ್ಪಾಜಿ ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. ಮುದ್ದೆಯ ಚೂರು ಮುರಿದು, ಸಾರಿನಲ್ಲಿ ಅದ್ದಿ, ಊದಿ ಅದರ ಬಾಯಿಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, 'ಇಲ್ಲೇ ಹತ್ರದಲ್ಲಿ ಶಿಶುವಿಹಾರ ಎಲ್ಲೈತೆ, ನಾಳೆ ವಿಚಾರ್ಸ್ಕೊಂಡ್ ಬಾ' ಅಂದರು.

ಅಕ್ಕ ಅಳುತ್ತಲೇ ಉಣ್ಣತೊಡಗಿದಳು. ಅಳುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಂಡಳು.