ಶಿವರುದ್ರಮ್ಮನವರ ಕ್ಯಾಮೆರಾ ತಾಲೀಮು

ತಿಪಟೂರಿನ ಕ್ಯಾಮೆರಾ ಅಂಗಡಿಯವನು ‘ಕಣ್ಣಿಟ್ಟು ನೋಡಿ’ ಎಂದರೆ ನಮ್ಮ ಪಕ್ಕದ ಮನೆ ಶಿವರುದ್ರಮ್ಮನವರು ಕಿವಿಯಿಟ್ಟರು. ಕೊಬ್ಬರಿ ಕಾಯಿಯ ಹಾಗೆ ಗಡಗಡ ಅಲ್ಲಾಡಿಸಿ, ಒಳಗೇನೂ ಸದ್ದಾಗದ್ದಕ್ಕೆ ‘ಇದಿನ್ನೂ ಒಣಗಿಲ್ಲ ಕಣಪ್ಪ, ಬೇರೆ ಕೊಡು’ ಎಂದುಬಿಟ್ಟರು. ಅಂಗಡಿಯೆಲ್ಲ ನಕ್ಕಿತು, ಕ್ಯಾಮೆರಾ ಮಾತ್ರ ಮನೆಗೆ ಬಂತು. ಭಾನುವಾರದ ಮೊದಲ ಫೋಟೋಗ್ರಫಿ ಕ್ಲಾಸಿಗೆ ಈಗ ಭಾರೀ ತಯಾರಿ. ಪೂಜೆ ಮಾಡುವಾಗ ಲೆನ್ಸಿಗೂ ವಿಭೂತಿ ಎಳೆದದ್ದರಿಂದ ಅವರ ಫೋಟೋಗಳಲ್ಲಿ ನಮ್ಮ ಬಯಲುಸೀಮೆಗೆ ದಿನವೂ ಮಂಜು ಬೀಳುತ್ತದೆ. ತೆಂಗಿನಮರವನ್ನು ಬುಡದಿಂದ ಸುಳಿಯವರೆಗೆ ಹಿಡಿಸಲು ಹಿಂದೆ ಹಿಂದೆ ನಡೆಯುತ್ತಾ ನಮ್ಮ ಅಡುಗೆಮನೆಗೇ ಬಂದು, ಬಂದದ್ದಕ್ಕೆ ಕಾಫಿ ಕುಡಿದು ಹೋಗುತ್ತಾರೆ. ಮೆಲುಕು ಹಾಕುವ ಎಮ್ಮೆಗೆ ‘ಒಂದ್ಗಳಿಗೆ ಬಾಯ್ಮುಚ್ಕೊಂಡಿರೇ’ ಎಂದು ಗದರುತ್ತಾರೆ. ಗಂಡ ತೀರಿಕೊಂಡ ಮೇಲೆ ಮದುವೆಮನೆಗಳಲ್ಲಿ ಯಾರೂ ಹೇಳುವ ಮೊದಲೇ ಕೊನೇ ಸಾಲಿನ ಕುರ್ಚಿ ಹುಡುಕಿಕೊಳ್ಳುವ ಹೆಂಗಸು ಇವರು. ಮುಂದಿನ ತಿಂಗಳು ಮೊಮ್ಮಗಳು ಇಂಪನಾಳ ಮದುವೆ. ‘ಅಷ್ಟರೊಳಗೆ ಕಲಿತುಬಿಡ್ತೀರಾ? ಫೋಟೋ ಸರಿಯಾಗಿ ಬರದಿದ್ರೆ ಏನ್ಮಾಡ್ತೀರಿ?’ ಎಂದು ಕೆಣಕಿದೆ. ‘ಬರದಿದ್ರೆ ಬುಡು’ ಎಂದರು ಶಿವರುದ್ರಮ್ಮ. ‘ತಾಳಿ ಕಟ್ಟೋ ಹೊತ್ನಲ್ಲಿ ಕ್ಯಾಮೆರಾ ಹಿಡ್ಕಂಡೋರ್ನ ಯಾರೂ ಆಚೆಗೆ ಸರಿ ಅನ್ನಲ್ವಲ್ಲ.’