ನಾನು ಕಲಿಸಿಕೊಟ್ಟ ನೆಪ

ಸುಶೀಲಾ ತನ್ನ ಗಂಡನಿಗೆ ನೇರವಾಗಿ ಹೇಳಬೇಕೆಂದಿದ್ದ ಮಾತನ್ನು ತಡೆದವಳು ನಾನು. ಅದರ ಬದಲು ಒಂದು ನೆಪ ಕಲಿಸಿಕೊಟ್ಟೆ. ಅದು ನನ್ನ ಹೆದರಿಕೆಗಾಗಿ ಎಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ — ಅವಳಿಗೂ. ಸುಶೀಲಾ ಎಂಬುದು ಅವಳ ನಿಜವಾದ ಹೆಸರಲ್ಲ.

ನಾನು ಮಂಠಾಳದ ಕಡೆಯ ಆಶಾ ಕಾರ್ಯಕರ್ತೆ. ಕಾಂಡೋಮ್ ಹಂಚುವುದೂ ನನ್ನ ಕೆಲಸ, ಮಕ್ಕಳಾಗದ ಆಪರೇಷನ್‌ಗೆ ಹೆಂಗಸರನ್ನು ಕರೆದೊಯ್ಯುವುದೂ ನನ್ನ ಕೆಲಸ. ಸುಶೀಲಾ ನಮ್ಮ ಓಣಿಯವಳು, ಎರಡು ಮಕ್ಕಳ ತಾಯಿ. ಗಂಡ ಹೈದರಾಬಾದಿನಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ಒಂದು ದಿನ ಅವನ ಚೀಲದಲ್ಲಿ ಸಿಕ್ಕ ಡಾಕ್ಟರ್ ಚೀಟಿಯನ್ನು ನನ್ನಿಂದ ಓದಿಸಿದಳು. ಗುಪ್ತರೋಗದ ಔಷಧಿ.

ಅವಳು ಅಳಲಿಲ್ಲ. ಗಂಡನಿಗೆ ಏನು ಹೇಳಬೇಕೆಂದು ಅಲ್ಲೇ ಗಟ್ಟಿ ಮಾಡಿಕೊಂಡಳು. “ಇಬ್ರೂ ತಪಾಸಣಿ ಮಾಡ್ಸೋಣ್ರಿ, ಅಲ್ಲೀತನಕಾ ಕಾಂಡೋಮ್ ಇಲ್ಲದ ನಾ ಒಲ್ಲೆ — ಹಿಂಗ ಅಂತೀನಿ ಅಕ್ಕಾ.”

ಎಷ್ಟು ಸರಿಯಾದ ಮಾತು! ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದೂ ಅದನ್ನೇ. ಆದರೆ ನನಗೆ ಹೆದರಿಕೆ — ಚೀಟಿ ಓದಿದವರು ಯಾರು ಎಂದು ಅವನು ಕೇಳಿದರೆ? ಮನೆ ಬಾಗಿಲಿಗೆ ಬಂದು ಜಗಳ ತೆಗೆದರೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಬುದ್ಧಿ ನನ್ನದು. ಅವಳಿಗೆ ಆಗ ರಕ್ತ ಕಡಿಮೆ ಇದ್ದದ್ದು ನಿಜ, ಅದನ್ನೇ ಹಿಡಿದುಕೊಂಡೆ.

“ಬೀಮಾರಿ ಮಾತು ತಗೀಬ್ಯಾಡ. ರಕ್ತ ಕಮ್ಮಿ ಅದ, ಈಗ ಬಸುರಾದ್ರ ಜೀವಕ್ಕ ಧೋಕಾ ಅಂತ ಡಾಕ್ಟರ್ ಹೇಳ್ಯಾರ ಅನ್ನು.”

ನೆಪ ಕೆಲಸ ಮಾಡಿತು. ಒಂದೂವರೆ ವರ್ಷ ಅವನು ತಕರಾರಿಲ್ಲದೆ ಕಾಂಡೋಮ್ ಬಳಸಿದ. ನಾನು ಒಳಗೊಳಗೇ ಬೀಗಿದೆ.

ಆಮೇಲೆ ಅವಳ ರಕ್ತ ಸುಧಾರಿಸಿತು. ಅತ್ತೆ ಆಪರೇಷನ್ ಮಾಡಿಸಿ ಎಂದಳು. ಬಸವಕಲ್ಯಾಣದ ದವಾಖಾನೆಗೆ ಕರೆದೊಯ್ದವಳೂ ನಾನೇ. ಆಪರೇಷನ್‌ಗೆ ಮುಂಚೆ ಮಾಡಿದ ರಕ್ತ ತಪಾಸಣೆಯಲ್ಲಿ ಅವಳಿಗೆ ಯಾವ ರೋಗವೂ ಇರಲಿಲ್ಲ. ಮರಳಿ ಬರುವಾಗ ಆಟೋದಲ್ಲಿ ಸಣ್ಣ ದನಿಯಲ್ಲಿ ಕೇಳಿದಳು, “ಅಕ್ಕಾ, ಇನ್ನ ಅವರಿಗೆ ಏನಂತ ಹೇಳ್ಲಿ?”

ನನಗೆ ಅರ್ಥವಾಗಿತ್ತು. ಪೂರ್ತಿ ಅರ್ಥವಾಗಿತ್ತು — ಅರ್ಥವಾಗದವಳ ಹಾಗೆ ನಕ್ಕೆ. “ಇನ್ನೇನು ಹೇಳೋದದ? ಬಸುರಿನ ಚಿಂತಿ ಮುಗೀತಲ್ಲ.”

ಮುಂದೆ ಗಂಡ ಕೇಳಿದನಂತೆ — ಆಪರೇಷನ್ ಆಗ್ಯಾದಲ್ಲ, ಇನ್ನ ಕಾಂಡೋಮ್ ಯಾಕ ಬೇಕು? ಅಂದಿನಿಂದ ಬಳಸುವುದನ್ನು ಬಿಟ್ಟ. ಒಂದೂವರೆ ವರ್ಷ ಬಸುರಿನ ಮಾತೇ ಆಡಿದವಳು ಒಮ್ಮೆಲೇ ರೋಗದ ಮಾತು ಹೇಗೆ ತೆಗೆದಾಳು?

ಎರಡು ವರ್ಷದ ಮೇಲೆ ಅವಳ ಜ್ವರ ಬಿಡಲಿಲ್ಲವೆಂದು ಹುಮನಾಬಾದಿನಲ್ಲಿ ತೋರಿಸಿದರು. ಎಚ್‌ಐವಿ. ಗಂಡನಿಗೂ ಇತ್ತು.

ಈಗ ಇಬ್ಬರೂ ದಿನಾ ಗುಳಿಗೆ ನುಂಗುತ್ತಾರೆ. ಆರೋಗ್ಯ ಚೆನ್ನಾಗಿದೆ, ಮಕ್ಕಳಿಗೆ ಏನೂ ಇಲ್ಲ. ಗುಳಿಗೆ ತರಲು ಹೋಗುವಾಗ ನನ್ನನ್ನೇ ಜೊತೆಗೆ ಕರೆಯುತ್ತಾಳೆ. ಕಳೆದ ವಾರ ಬಸ್ಸಿನಲ್ಲಿ, ತನ್ನದೇ ತಪ್ಪು ಎಂಬಂತೆ ಹೇಳಿದಳು, “ನೀವು ಒಂದೂವರಿ ವರ್ಷ ಉಳಿಸಿದ್ರಿ ಅಕ್ಕಾ. ಮುಂದ ನಂಗೇ ಬಾಯಿ ಇರಲಿಲ್ಲ.”

ನನಗೆ ನಾಚಿಕೆಯಾಯಿತು.

ಅವಳಿಗೆ ಬಾಯಿ ಇತ್ತು, ನನ್ನ ಹೆದರಿಕೆಗೆ ಮುಚ್ಚಿಸಿದವಳು ನಾನು — ನಾಳೆ ಅವಳ ಮನೆಗೆ ಹೋಗಿ ಇಷ್ಟನ್ನು ಹೇಳುತ್ತೇನೆ. ಆಮೇಲೆ ಅವಳು ನನ್ನನ್ನು ಅಕ್ಕಾ ಎಂದು ಕರೆಯದಿದ್ದರೆ, ಅದೂ ಸರಿಯೇ.