ಪಕಳೆ ಬೀಳುವ ತನಕ

ದೇವಿಯ ಗುಡಿಯ ಮುಂದಿನ ಕಟ್ಟೆಯ ಮೇಲೆ ಆ ಬೆಳಿಗ್ಗೆ ಊರಿನ ಗಂಡಸರೆಲ್ಲ ಕುಳಿತಿದ್ದರು. ನಡುವೆ ಗಾಂವಕಾರ ಅಜ್ಜ, ಅಂದರೆ ಊರಿನ ಹಿರಿಯರು. ಅವರು ಹೂಂ ಅನ್ನದೆ ಇಲ್ಲಿ ಒಂದು ಗೂಟವನ್ನೂ ಹುಗಿಯುವುದಿಲ್ಲ. ಅವರ ಬಾಜು ನನ್ನ ಯಜಮಾನರು. ಅರಣ್ಯ ಇಲಾಖೆಯ ಗಾರ್ಡು, ಯೂನಿಫಾರ್ಮಿನ ಮೇಲೆ ಕಂಬಳಿ ಹೊದ್ದು ಅಡಿಕೆ ಕತ್ತರಿಸುತ್ತಿದ್ದರು. ಬಾಗಿಲ ಹತ್ತಿರ ಪಕ್ಕದ ಮನೆಯ ವೈನಿ, ಅವಳ ಪಕ್ಕದಲ್ಲಿ ಫೋನು ಹಿಡಿದುಕೊಂಡು ನಾನು. ಊರಿಗೆಲ್ಲ ಸಿಗ್ನಲ್ ಸಿಗುವುದು ಆ ಕಟ್ಟೆಯೊಂದರಲ್ಲೇ.

ಎಲ್ಲರ ಕಣ್ಣೂ ಗುಡಿಯೊಳಗಿನ ದೇವಿಯ ಕಲ್ಲಿನ ಮೇಲೆ. ಕಲ್ಲಿನ ಎರಡೂ ಬದಿಗೆ ಒದ್ದೆ ಹೂವಿನ ಪಕಳೆ ಅಂಟಿಸಿದ್ದರು. ಇದಕ್ಕೆ ಕೌಲು ಹಚ್ಚುವುದು ಎನ್ನುತ್ತಾರೆ. ಬಲಗಡೆಯ ಪಕಳೆ ಬಿದ್ದರೆ ದೇವಿ ಹೂಂ ಅಂದಳು, ಎಡಗಡೆಯದು ಬಿದ್ದರೆ ಬೇಡ ಅಂದಳು. ಯಾವುದೂ ಬೀಳದಿದ್ದರೆ ಕಾಯಬೇಕು. ದೇವಿಯನ್ನು ಕೇಳಿದ್ದು ಇಷ್ಟೇ: ಹಳ್ಳಕ್ಕೆ ಈ ವರ್ಷದ ಸಾಕವ ಈಗಲೇ ಕಟ್ಟೋಣವೋ ಬೇಡವೋ? ಸಾಕವ ಅಂದರೆ ಬಿದಿರು, ಬಳ್ಳಿ ಬಿಗಿದು ಮಾಡುವ ಕಾಲುಸೇತುವೆ.

ಕಣಕುಂಬಿಯ ಆಚೆಗಿನ ಈ ಊರಿಗೆ ಮೂರು ಕಡೆ ಹಳ್ಳ, ಒಂದು ಕಡೆ ದಾರಿಯಿಲ್ಲದ ಕಾಡು. ಮಳೆ ಹಿಡಿದು ಹಳ್ಳ ಏರಿತೆಂದರೆ ಊರು ನಡುಗಡ್ಡೆ. ಊರವರಿಗೆ ಅದೇನೂ ತೊಂದರೆಯಲ್ಲ. ಅಕ್ಕಿ, ಒಣಮೀನು, ಹಲಸಿನ ಬೀಜ ಬೇಸಿಗೆಯಲ್ಲೇ ತುಂಬಿಟ್ಟು ಮಳೆಗಾಲವನ್ನು ರಜೆಯ ಹಾಗೆ ಕಳೆಯುತ್ತಾರೆ. ತೊಂದರೆ ನನ್ನದು. ಹಳ್ಳದಾಚೆ, ಶಹರದ ಟಿಳಕವಾಡಿಯಲ್ಲಿ ನನ್ನ ಮಗಳಿಗೆ ದಿನ ತುಂಬಿತ್ತು. ಮೊದಲ ಹೆರಿಗೆ. "ಅವ್ವಾ, ನೀ ಬಾಜುಕ ಇದ್ರ ನನಗ ಹೆದರಿಕಿಲ್ಲ" ಎಂದಿದ್ದಳು. ಬರುತ್ತೇನೆಂದು ಮಾತು ಕೊಟ್ಟಿದ್ದೆ. ಆದರೆ ಈ ಸಲ ಮಳೆ ಮೊದಲೇ ಬಂದು, ಹೋದ ವರ್ಷದ ಸಾಕವವನ್ನು ಎಳೆದುಕೊಂಡು ಹೋಯಿತು.

ನಾನು ಅದೇ ಶಹರದ ಉದ್ಯಮಬಾಗದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಒಲೆಯ ಮುಂದೆ ಹಣ್ಣಾದವಳು. ಭೋಂಗಾ, ಅಂದರೆ ಊಟದ ಸೈರನ್ನು, ಕೂಗುವುದರೊಳಗೆ ಪಲ್ಯ ಇಳಿಯಬೇಕು, ರೊಟ್ಟಿ ಬುಟ್ಟಿ ತುಂಬಬೇಕು; ತುಸು ತಡವಾದರೆ ಎರಕ ಹೊಯ್ಯುವವರು ತಾಟು ಬಡಿಯುತ್ತಿದ್ದರು. ಯಜಮಾನರಿಗೆ ಇಲ್ಲಿಗೆ ವರ್ಗವಾಯಿತು, ಮಗಳ ಮದುವೆ ಮುಗಿಸಿ ನಾನೂ ಬಂದೆ. ಇಲ್ಲಿ ಏನು ಕೇಳಿದರೂ ಮೊದಲು 'ಉದ್ಯಾ', ಅಂದರೆ ನಾಳೆ. ಆ ನಾಳೆ ಬಂದರೆ 'ಬಘೂಯಾ', ನೋಡೋಣ. ಕಿಟಕಿಗೆ ಕದ ಕೂಡಿಸಲು ಬಡಗಿಯನ್ನು ಕರೆದೆ. ಬಂದ, ಚಹಾ ಕುಡಿದ, ಕದವಿಲ್ಲದ ಕಿಟಕಿಯಿಂದ ಗಾಳಿ ಎಷ್ಟು ಛಲೋ ಬರುತ್ತದೆಂದು ಹೊಗಳಿ ಎದ್ದುಹೋದ. ಕಿಟಕಿಗೆ ಇಂದಿಗೂ ಗೋಣಿಚೀಲವೇ ಗತಿ.

"ಅಜ್ಜಾರ, ಹಳ್ಳ ಏರಾಕತ್ತೈತಿ" ಎಂದೆ.

"ಏರ್ಲಿ ಬಾಯಿ, ಬ್ಯಾಡ ಅಂದವ್ರ್ಯಾರು? ಕುಂದರ್ರಿ."

"ನಾ ಕುಂತ್ರ ನನ್ನ ಮಗಳು ಹಡಿಯೂದು ನಿಲ್ಲತೈತೇನ್ರೀ?"

ವೈನಿ ನನ್ನ ಸೆರಗು ಜಗ್ಗಿದಳು. "ಅಗಬಾಯಿ, ನೀವು ನಿಂತ್ರೂ ನಿಲ್ಲೂದಿಲ್ಲ. ಕುಂತ್ರ ಕಾಲರೆ ನೋಯೂದಿಲ್ಲ."

ಕುಳಿತೆ. ಅವರು ಹೋದ ವರ್ಷದ ಏಡಿಗಳ ಬಗ್ಗೆ ಮಾತಾಡಿದರು. ಯಾರದೋ ಎಮ್ಮೆಯ ಬಗ್ಗೆ ಮಾತಾಡಿದರು. ಪಕಳೆ ಅಲುಗಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಹವಾ ಇಷ್ಟು ಹಸಿ ಐತಿ. ಗೋಂದ ಹಚ್ಚಿದಂಗ ಅಂಟೈತಿ ಅದು. ಕೆಂಡದ ಶೇಗಡಿ ತಂದು ಬಾಜುಕ ಇಡ್ಲೇನ್ರೀ?"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಅಜ್ಜ ಮಾತ್ರ ನಗಲಿಲ್ಲ. "ಕೆಂಡದ ಶೆಕಾ ಕೊಡಾಕ ದೇವಿ ಬಾಣಂತಿ ಏನ್ ಬಾಯಿ? ಆ ಶೇಗಡಿ ನಿಮ್ಮ ಮಗಳಿಗೆ ಇಟ್ಟಿರ್ರಿ."

"ಕ್ಯಾಂಟೀನಬಾಯಿ," ಯಜಮಾನರು ಕೀಟಲೆ ಮಾಡಿದರು, "ಇಲ್ಲಿ ಭೋಂಗಾ ದೇವಿ ಕೈಯಾಗ ಐತಿ."

"ನೀವು ಸುಮ್ನ ಅಡಿಕಿ ಕತ್ತರಸ್ರಿ. ಬೆರಳು ಕತ್ತರಿಸಿಗೊಂಡೀರಿ."

ಅಂದು ಬೀಳಲಿಲ್ಲ. ಮರುದಿನ ಮಂಗಳವಾರ, ದೇವಿಯ ವಾರ. ಕೊಡಲಿ ಮುಟ್ಟುವಂತಿಲ್ಲ, ಕೌಲು ಕೇಳುವಂತೆಯೂ ಇಲ್ಲ. ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡಿಯ ಡಬ್ಬಿ ಚೀಲದಲ್ಲಿತ್ತು, ಚೀಲ ಹೊಸ್ತಿಲಲ್ಲಿತ್ತು. ಮನೆಗೂ ಕಟ್ಟೆಗೂ ಅಲೆದೆ. ಮೋಡ ನೋಡಿ ಬೈದೆ, ಯಜಮಾನರನ್ನು ಬೈದೆ, ಬೆಕ್ಕನ್ನೂ ಬೈದೆ. ಸಂಜೆ ಕಟ್ಟೆಯ ಮೇಲಿದ್ದಾಗ ಮಗಳ ಫೋನು ಬಂತು.

"ಅವ್ವಾ, ಯಾವಾಗ ಬರ್ತಿ?"

"ನಾಳೆ" ಎಂದೆ. ಹೇಳಿದ ಮೇಲೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಆ ಊರಿನ 'ಉದ್ಯಾ' ನನಗೂ ಅಂಟಿತ್ತು.

ಬುಧವಾರ ಎಲ್ಲರೂ ಚಹಾ ಕುಡಿಯುತ್ತಿರುವಾಗ ಬಲಗಡೆಯ ಪಕಳೆ ಬಿತ್ತು. ಕಂಡದ್ದು ನಾನು, ಕೂಗಿದ್ದೂ ನಾನು. ಯಾರೂ ಗಡಬಡಿಸಿ ಏಳಲಿಲ್ಲ. ಅಜ್ಜ ಬಸಿಯಲ್ಲಿ ಉಳಿದ ಚಹಾ ಊದಿ ಊದಿ ಕುಡಿದರು, ಬಾಯಿ ಒರೆಸಿಕೊಂಡರು, ಕೈ ಮುಗಿದರು. ಆಮೇಲೆ ಎಲ್ಲರೂ ಎದ್ದರು. ಅವರು ಬಿದಿರು ಕಡಿಯಲು ಹೋಗುತ್ತಿದ್ದ ಹಾಗೇ ಅಳಿಯನ ಫೋನು ಬಂತು. ಬೆಳಕು ಹರಿಯುವಾಗಲೇ ಹೆರಿಗೆಯಾಗಿತ್ತು. ಹೆಣ್ಣು ಕೂಸು, ಇಬ್ಬರೂ ಆರಾಮ. ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡು ವೈನಿ ಬೆಲ್ಲ ತಂದು ಬಾಯಿಗಿಟ್ಟಳು. ಆ ಅಳುವಿನಲ್ಲಿ ಸಿಟ್ಟೇ ಹೆಚ್ಚಿತ್ತು.

ಮಧ್ಯಾಹ್ನಕ್ಕೆ ಸಾಕವ ಬಿಗಿದು ಮುಗಿಸಿದರು. ಇಷ್ಟೇ ಕೆಲಸಕ್ಕೆ ಇಷ್ಟು ದಿನ! ಅಜ್ಜ ಮೊದಲು ದಾಟಿದರು, ತಿರುಗಿ ಬಂದು ನನ್ನ ಚೀಲ ಹೆಗಲಿಗೇರಿಸಿ, "ಬರ್ರಿ ಬಾಯಿ, ಸಾವಕಾಶ" ಎಂದರು. ಆ ಮಾತನ್ನು ಅವರು ಹೇಳಬಾರದಿತ್ತು.

ಟಿಳಕವಾಡಿ ಮುಟ್ಟುವಾಗ ದೀಪ ಹತ್ತಿದ್ದವು. ಮಗಳು ನನ್ನನ್ನು ನೋಡಿ "ಬಂದ್ಯಾ?" ಎಂದಳು, ಅಷ್ಟೇ. ಉಂಡಿ ಮುರಿದು ಬಾಯಿಗೆ ಹಾಕಿಕೊಂಡು ಮುಖ ಆಚೆ ತಿರುಗಿಸಿದಳು.

ಮರುವರ್ಷ ಬೇಸಿಗೆ ಮುಗಿಯುವ ಮೊದಲೇ ಹೊಸ ಸಾಕವಕ್ಕೆಂದು ನಾನು ಅಜ್ಜನ ಬೆನ್ನು ಹತ್ತಿದೆ. ಒಣ ಹವೆಯಲ್ಲಿ ಕೇಳಿದರೆ ಪಕಳೆ ಬೇಗ ಬಿದ್ದೀತು ಎನ್ನುವುದು ನನ್ನ ಲೆಕ್ಕ. ಕೌಲು ಹಚ್ಚಿದ ದಿನ ಮಗಳೂ ಕಟ್ಟೆಯ ಮೇಲಿದ್ದಳು. ಕೂಸನ್ನು ಕರೆದುಕೊಂಡು ನಾಲ್ಕು ದಿನಕ್ಕೆಂದು ಬಂದಿದ್ದಳು. ಪಕಳೆ ಕೂಡಲೇ ಬಿತ್ತು. ಎಡಗಡೆಯದು.

ಸಾಕವದ ಮಾತು ಅಲ್ಲಿಗೇ ನಿಂತಿತು. ಮಗಳು ಹೊರಡುವ ಹಿಂದಿನ ದಿನವೇ ಮಳೆ ಹಿಡಿಯಿತು, ಹಳ್ಳ ಏರಿ ಹಳೆಯ ಸಾಕವವನ್ನು ಎಳೆದೊಯ್ದಿತು, ತಾಯಿ ಕೂಸು ಇಬ್ಬರೂ ನಮ್ಮಲ್ಲೇ ಉಳಿದರು. ಅಳಿಯ ದಿನಾ ಫೋನು ಮಾಡಿ, "ಅತ್ತೀ, ಸಾಕವ ಯಾವಾಗ ಕಟ್ಟತಾರ್ರೀ?" ಎಂದು ಒದರುತ್ತಿದ್ದ. ಒಂದು ದಿನ ಸಾಕಾಗಿ ಫೋನನ್ನು ಗಾಂವಕಾರ ಅಜ್ಜನ ಕೈಗೆ ಕೊಟ್ಟು, ಕೂಸಿಗೆ ಅನ್ನ ಉಣಿಸಲು ಮನೆಗೆ ನಡೆದೆ.